ಹರ್ಬರ್ಟರ ಮುಖದ ಮುಂದಿನ ಮಂಜು

ಸೀತಾಂಗೋಳಿಯ ಹರ್ಬರ್ಟ್ ಕ್ರಾಸ್ತಾ ಮೂವತ್ತನಾಲ್ಕು ವರ್ಷ ಕಾಸರಗೋಡಿನಲ್ಲಿ ಸ್ಟುಡಿಯೋ ನಡೆಸಿದವರು. ಕುಂಬಳೆಯಿಂದ ನೆಕ್ರಾಜೆಯವರೆಗೆ ಗಲ್ಫಿಗೆ ಹೋದವರ ಪಾಸ್‌ಪೋರ್ಟ್ ತೆರೆದರೆ ಹೆಚ್ಚಿನದರಲ್ಲಿ ಅವರು ತೆಗೆದ ಮುಖವೇ ಇರುತ್ತಿತ್ತು. "ಗಲ್ಲ ಸ್ವಲ್ಪ ಕೆಳಗೆ, ಉಸಿರು ಬಿಡಬೇಡಿ" ಎಂದರೆ ಎಂಥ ದೊಡ್ಡ ವಕೀಲರೂ ಉಸಿರು ಹಿಡಿದು ಕೂರುತ್ತಿದ್ದರು. ಲೆನ್ಸಿನ ವಿಷಯದಲ್ಲಿ ಮಾತ್ರ ಅವರಿಗೆ ವಿಪರೀತ ಮಡಿ. ಅದನ್ನು ಬೆರಳಿನಿಂದ ಮುಟ್ಟಿದ ಇಬ್ಬರು ಕೆಲಸದವರನ್ನು ಆವತ್ತೇ ಮನೆಗೆ ಕಳಿಸಿದ್ದರು.

ಸ್ಟುಡಿಯೋ ಮುಚ್ಚಿ ಮೂರು ವರ್ಷವಾದ ಮೇಲೆ ಫೋಟೋಗ್ರಾಫರುಗಳ ಸಂಘದ ಕಾರ್ಯದರ್ಶಿ ಸುಜನ್ ಫೋನ್ ಮಾಡಿದ.

"ಹರ್ಬರ್ಟಣ್ಣ, ಹೊಸಬರಿಗೆ ನೀವೊಂದು ಆನ್‌ಲೈನ್ ಕ್ಲಾಸ್ ಮಾಡಬೇಕು. ಮುಖಕ್ಕೆ ಬೆಳಕು ಹೇಗೆ ಹಾಕುವುದು ಅಂತ. ಶನಿವಾರ ಹತ್ತು ಗಂಟೆಗೆ."

ಹರ್ಬರ್ಟರು ಅದಕ್ಕೆಂದೇ ಹೊಸ ಲ್ಯಾಪ್‌ಟಾಪ್ ತಂದರು. ಬುಧವಾರ ಒಮ್ಮೆ ನೋಡಿಬಿಡೋಣವೆಂದು ಸುಜನ್ ವೀಡಿಯೋ ಕಾಲ್ ಹಾಕಿದ.

"ಅಣ್ಣ, ನೀವು ಉಂಟಾ ಅಲ್ಲಿ?"

"ಎದುರೇ ಕೂತಿದ್ದೇನಲ್ಲ."

"ಇಲ್ಲಿ ಬರೀ ಮಂಜು. ಮಧ್ಯದಲ್ಲಿ ಹಲಸಿನಕಾಯಿಯ ಹಾಗೆ ಎಂತದೋ ಅಲ್ಲಾಡ್ತಾ ಉಂಟು."

ಹರ್ಬರ್ಟರಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಕು ಸಾಲದೆ ಹೀಗಾಗಿದೆಯೆಂದು ಗುರುವಾರ ಬೆಳಗ್ಗೆಯೇ ಅಟ್ಟದಿಂದ ಸ್ಟುಡಿಯೋದ ಮೂರು ದೊಡ್ಡ ದೀಪಗಳನ್ನೂ ಬೆಳಕು ಹರಡುವ ಬಿಳಿ ಕೊಡೆಗಳನ್ನೂ ಇಳಿಸಿದರು. ಹಿಂದೆ ಹಿಮದ ಬೆಟ್ಟದ ಪರದೆ ಕಟ್ಟಿದರು. ಮುಖಕ್ಕೆ ಪೌಡರ್ ಬಳಿದುಕೊಂಡು ದೀಪ ಹಾಕಿದರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಮಂಜು ಇನ್ನಷ್ಟು ಬೆಳ್ಳಗಾಯಿತು. ಹಲಸಿನಕಾಯಿಯೂ ಮಾಯವಾಯಿತು.

ಪಕ್ಕದ ಮನೆಯ ದೀಪಶ್ರೀ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುವವಳು. ಅವಳು ಬಂದು ಸೆಟ್ಟಿಂಗ್ಸ್‌ಗೆ ಹೋಗಿ ರೆಸಲ್ಯೂಶನ್ ಏರಿಸಿದಳು. "ಈಗ ಮಂಜು ಚೆನ್ನಾಗಿ ಕಾಣ್ತದೆ ಅಂಕಲ್" ಎಂದಳು. ಕ್ಯಾಮೆರಾದ ಕಡೆಗೆ ಅವಳು ಬೆರಳು ಚಾಚಿದ ಕೂಡಲೇ ಹರ್ಬರ್ಟರು ಲ್ಯಾಪ್‌ಟಾಪನ್ನು ಎತ್ತಿ ಎದೆಗೆ ಅವಚಿಕೊಂಡರು.

ಮಧ್ಯಾಹ್ನ ಹೆಲ್ಪ್‌ಲೈನಿಗೆ ಫೋನ್ ಮಾಡಿದರು. "ಸರ್, ಮೆತ್ತಗಿನ ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ" ಎಂದಳು ಆಚೆ ಕಡೆಯ ಹುಡುಗಿ. ಲೆನ್ಸ್ ಎಂದರೆ ಎಂತ, ಬಟ್ಟೆ ಎಂದರೆ ಎಂತ ಎಂದು ಹರ್ಬರ್ಟರು ಅವಳಿಗೆ ಇಪ್ಪತ್ತು ನಿಮಿಷ ವಿವರಿಸಿದರು. ಕೊನೆಗೆ ಅವಳು ಕ್ಷಮೆ ಕೇಳಿದಳು.

ಅಷ್ಟರಲ್ಲಿ ಕಿಟಕಿಯ ಬೆಳಕು ಕಂಡು ತೆಂಗಿನಕಾಯಿ ಕೀಳುವ ಬಟ್ಯ ಒಗೆದ ಅಂಗಿ ಹಾಕಿಕೊಂಡು ಬಂದ.

"ಪೊರ್ಬುಗಳೇ, ಸ್ಟುಡಿಯೋ ಪುನಃ ಸುರು ಮಾಡಿದಿರಾ? ಒಂದು ಅರ್ಜಿಗೆ ಫೋಟೋ ಬೇಕಿತ್ತು."

ಹರ್ಬರ್ಟರು ಅವನನ್ನು ಲ್ಯಾಪ್‌ಟಾಪಿನ ಎದುರು ಕೂರಿಸಿದರು. ಅವನೂ ಮಂಜಾದ.

"ಹಾಗಾದರೆ ತಪ್ಪು ನನ್ನ ಮುಖದ್ದಲ್ಲ" ಎಂದು ಹರ್ಬರ್ಟರು ನಿಟ್ಟುಸಿರು ಬಿಟ್ಟರು. ಬಟ್ಯ ಮಾತ್ರ ಪರದೆಯನ್ನು ಬಹಳ ಹೊತ್ತು ನೋಡಿದ. "ಇದೇ ಒಳ್ಳೇದುಂಟು. ಸುಕ್ಕೆಲ್ಲ ಹೋಗಿದೆ. ಒಂದು ಆರು ಕಾಪಿ ಕೊಡಿ." ಶುಕ್ರವಾರ ಅವನ ಮಾತು ಕೇಳಿ ಜಗಲಿಯಲ್ಲಿ ಏಳು ಮಂದಿ ತಲೆ ಬಾಚಿಕೊಂಡು ಕೂತಿದ್ದರು. ಅವರಲ್ಲಿ ಮದುವೆಗೆ ಹುಡುಗಿ ನೋಡುತ್ತಿದ್ದ ಜಯಪಾಲನಂತೂ ಎರಡು ಸಲ ಮಂಜಾಗಿ ಹೋದ.

ಶನಿವಾರ ಒಂಬತ್ತೂವರೆಗೆ ಹರ್ಬರ್ಟರು ಗಡ್ಡ ಹೆರೆಯಲು ಬಚ್ಚಲಿಗೆ ಹೋದರು. ಹೆಂಡತಿ ಎಲ್ವಿಟಾ ಮೇಜಿನ ಧೂಳು ಹೊಡೆಯಲು ಬಂದರು. ಕ್ಯಾಮೆರಾದ ಮೇಲೆ ಅಂಗಡಿಯಿಂದ ಬರುವಾಗಲೇ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೆಯೇ ಇತ್ತು. ಅದರ ತುದಿ ಸ್ವಲ್ಪ ಎದ್ದಿತ್ತು. ಅವರು ಉಗುರಿನಿಂದ ಎಳೆದು ತೆಗೆದರು.

ಹರ್ಬರ್ಟರು ಪೌಡರ್ ಬಳಿದುಕೊಂಡು ಬಂದು ಕೂತಾಗ ಪರದೆಯ ಮೇಲೆ ಒಬ್ಬ ಮುದುಕ ಅವರನ್ನೇ ನೋಡುತ್ತಿದ್ದ. ರೆಪ್ಪೆಯ ಕೂದಲು ಎಣಿಸಬಹುದಿತ್ತು.

"ಲೆನ್ಸ್ ಮುಟ್ಟಿದ್ದು ಯಾರು?"

"ಲೆನ್ಸ್ ಮುಟ್ಟಲಿಲ್ಲ. ಅದರ ಮೇಲಿನ ಪ್ಲಾಸ್ಟಿಕ್ ತೆಗೆದೆ" ಎಂದರು ಎಲ್ವಿಟಾ.

"ಅದು ಲೆನ್ಸಿಗೆ ರಕ್ಷಣೆ ಅಂತ ನಾನೇ ಬಿಟ್ಟದ್ದು."

"ಅದರಿಂದಲೇ ನೀವು ಕಾಣದೆ ಇದ್ದದ್ದು."

ಹರ್ಬರ್ಟರಿಗೆ ಮೂರು ದಿನದ ನಾಚಿಕೆ ಒಟ್ಟಿಗೆ ಮುಖಕ್ಕೇರಿತು. ಪೌಡರ್ ತೊಳೆದು ಬರುವಷ್ಟರಲ್ಲಿ ಪರದೆಯಲ್ಲಿ ನಲವತ್ತು ಮಂದಿ ಕಾಯುತ್ತಿದ್ದರು. ತಾವು ಬರೆದಿಟ್ಟ ಭಾಷಣವನ್ನು ಹರ್ಬರ್ಟರು ಪಕ್ಕಕ್ಕಿಟ್ಟರು. ಎರಡು ದೀಪ ಆರಿಸಿದರು. ಆ ಪ್ಲಾಸ್ಟಿಕ್ ತುಂಡನ್ನು ಚಿಮಟದಲ್ಲಿ ಹಿಡಿದು ಕ್ಯಾಮೆರಾದ ಮುಂದೆ ತಂದು ತೋರಿಸಿದರು.

"ಇದರ ಮೇಲೆ ಬೆಳಕು ಬಿದ್ದಷ್ಟೂ ಮಂಜು ಹೆಚ್ಚು. ನನಗೆ ಇದು ಗೊತ್ತಾದದ್ದು ಇವತ್ತು, ಅರ್ಧ ಗಂಟೆ ಹಿಂದೆ. ಗೊತ್ತು ಮಾಡಿದ್ದು ನನ್ನ ಹೆಂಡತಿ."

ಕ್ಲಾಸ್ ಒಂದು ಗಂಟೆಯೆಂದಿದ್ದದ್ದು ಎರಡೂಕಾಲು ಗಂಟೆ ನಡೆಯಿತು. ಮುಗಿದ ಮೇಲೆ ಹರ್ಬರ್ಟರು ಅಡುಗೆಮನೆಗೆ ಹೋಗಿ, ಬಂಗುಡೆ ಕೊಯ್ಯುತ್ತಿದ್ದ ಎಲ್ವಿಟಾರ ಹತ್ತಿರ ನಿಂತರು.

"ಸುಜನ್ ಬರುವ ವಾರವೂ ಮಾಡಿ ಅಂತಾನೆ. ನೀನೂ ಬಂದು ಪಕ್ಕದಲ್ಲಿ ಕೂರ್ತೀಯಾ?"

"ಭಾನುವಾರ ಆದರೆ ಆಗಲಿಕ್ಕಿಲ್ಲ, ಇಗರ್ಜಿಗೆ ಹೋಗಬೇಕು" ಎಂದರು ಎಲ್ವಿಟಾ. "ಶನಿವಾರ ಆದರೆ ನೋಡುವ. ಮೊದಲು ಮಂಜಿನ ಫೋಟೋ ಬೇಕು ಅಂತ ಇವತ್ತೂ ಜಗಲಿಯಲ್ಲಿ ಕೂತವರಿಗೆ ಎಂತಾದರೂ ಹೇಳಿ ಕಳಿಸಿ."