ಹಡಗಿನ ಪೆಟ್ಟಿಗೆಯ ಮೇಲಿನ ಹೆಸರು

ಆಗೆಲ್ಲ ನೈರೋಬಿಯ ಹೈರಿಡ್ಜ್‌ನ ನಮ್ಮ ಬೀದಿಯಲ್ಲಿ ಜುಲೈ ಚಳಿ ಎಂದರೆ ಕೆಂಡದಲ್ಲಿ ಸುಟ್ಟ ಮೆಕ್ಕೆಜೋಳ, ಅದಕ್ಕೆ ಉಜ್ಜಿದ ನಿಂಬೆ-ಮೆಣಸಿನ ಉರಿ, ಕತ್ತಲಾಗುವವರೆಗೆ ಚೆಂಡಾಟ. ಗುಂಪು ಕಟ್ಟುವಾಗ ಪ್ರತಿಯೊಬ್ಬರೂ ತಮ್ಮ ಪೂರ್ತಿ ಹೆಸರು ಕೂಗಬೇಕು. "ಲವೀನಾ ಫೆರ್ನಾಂಡಿಸ್!" ಎಂದು ನಾನು ಕೂಗಿದರೆ ಎದುರುಮನೆಯ ನಾಯಿ ಬೊಗಳುತ್ತಿತ್ತು. ಆ ಮನೆತನದ ಹೆಸರು ನಮ್ಮ ಹಜಾರದ ಮರದ ಪೆಟ್ಟಿಗೆಯ ಮೇಲೂ ಇತ್ತು. ಮಂಗಳೂರಿನಿಂದ ಹಡಗು ಹತ್ತಿ ಮೊಂಬಾಸಾ ಬಂದರಿನಲ್ಲಿ ಇಳಿದ ಅಜ್ಜ ಬಿಳಿ ಬಣ್ಣದಲ್ಲಿ ಬರೆದಿದ್ದರು: ಫೆರ್ನಾಂಡಿಸ್, ಮೊಂಬಾಸಾ.

ಆ ಚಳಿಯಲ್ಲೇ ಒಂದು ದಿನ ಶಾಲೆಯಲ್ಲಿ ಟೀಚರ್, ಎಲ್ಲರೂ ತಮ್ಮ ಮನೆತನದ ಹೆಸರಿನ ಮೂಲ ಹೇಳಬೇಕು ಎಂದರು. ನನ್ನ ಪಕ್ಕ ಕೂರುತ್ತಿದ್ದ ಇಟಲಿಯ ಹುಡುಗ ಲೂಕಾ ರಿನಾಲ್ಡಿ ಮೊದಲು ಎದ್ದ. ಅವನ ಹೆಸರು ಮೂಲದಲ್ಲಿ ಇಟಲಿಯದೇ ಅಲ್ಲವಂತೆ. ಉತ್ತರದಿಂದ ದಂಡೆತ್ತಿ ಬಂದ ಜರ್ಮಾನಿಕ್ ಜನ ತಂದದ್ದಂತೆ. ‘ರಾಗಿನ್’ ಎಂದರೆ ಸಲಹೆ, ‘ವಾಲ್ಡ್’ ಎಂದರೆ ಆಳ್ವಿಕೆ, ಎರಡೂ ಸೇರಿ ರಿನಾಲ್ಡಿ.

"ಒಂದು ಹೆಸರಲ್ಲಿ ಎಷ್ಟೊಂದು ಇತಿಹಾಸ!" ಎಂದು ಟೀಚರ್ ಚಪ್ಪಾಳೆ ತಟ್ಟಿಸಿದರು.

ನಾನೂ ಖುಷಿಯಿಂದ ಎದ್ದು, ನಮ್ಮ ಹೆಸರು ಪೋರ್ಚುಗೀಸರಿಂದ ಬಂದದ್ದು ಎಂದೆ.

"ಹಾಗಾದರೆ ಅದು ನಿನ್ನದಲ್ಲವಲ್ಲ ಮಗು. ನಿಜವಾದ ಹೆಸರೇನು?"

ಎಷ್ಟು ಮೃದುವಾಗಿ ಕೇಳಿದರು! ಬೈದಿದ್ದರೆ ಮರೆತೇಬಿಡುತ್ತಿದ್ದೆ. ಎಲ್ಲರ ಹೆಸರಿನ ಮೂಲ ಬರೆಯಲು ಗೋಡೆಗೆ ಹಚ್ಚಿದ್ದ ಚಾರ್ಟಿನಲ್ಲಿ ನನ್ನ ಹೆಸರಿನ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಪೋಷಕರ ಸಭೆಗೆ ಪಪ್ಪ ಟೈ ಕಟ್ಟಿಕೊಂಡು ಬಂದರು. ಊರಿಗೆಲ್ಲ ಔಷಧಿ ಬರೆದುಕೊಡುವ ಡಾಕ್ಟರು, ಟೀಚರ್ ಚಾರ್ಟು ತೋರಿಸಿದ ಕೂಡಲೇ ಹಲ್ಲುಗಿಂಜಿ, "ಕ್ರೈಸ್ತರಾಗುವ ಮೊದಲು ನಾವು ಪ್ರಭುಗಳು, ಮೇಡಂ" ಎಂದುಬಿಟ್ಟರು. ಮೂಲದಲ್ಲಿ ತಾವು ಕೊಂಕಣಿ ಬ್ರಾಹ್ಮಣರೆಂದು ಮದುವೆ ಊಟಗಳಲ್ಲಿ ನಮ್ಮವರು ಕೊಚ್ಚಿಕೊಳ್ಳುವ ಮಾತದು. ನಿಜವೋ ಸುಳ್ಳೋ ಕಂಡವರಿಲ್ಲ. ಟೀಚರ್ ಅಲ್ಲೇ ಪೆನ್ನು ತೆಗೆದು ‘ಫೆರ್ನಾಂಡಿಸ್’ ಹೊಡೆದುಹಾಕಿ ‘ಪ್ರಭು’ ಎಂದು ಬರೆದರು. ಪಪ್ಪ ಥ್ಯಾಂಕ್ಯೂ ಬೇರೆ ಹೇಳಿದರು.

ಮನೆಯಲ್ಲಿ ಮಮ್ಮಿ ನಮ್ಮವರ ಇಡ್ಲಿಯಾದ ಸನ್ನಾಸ್ ಬೇಯಿಸುತ್ತಿದ್ದಳು. ಮಂಗಳೂರಿನಲ್ಲಿ ಕನ್ನಡ ಟೀಚರಾಗಿದ್ದ ಅವಳು ಸಿಟ್ಟು ಬಂದರೆ ಕೊಂಕಣಿ ಬಿಟ್ಟು ಕನ್ನಡಕ್ಕೆ ಬರುತ್ತಿದ್ದಳು.

"ನಿಮ್ಮ ಅಪ್ಪ ಪೆಟ್ಟಿಗೆ ಮೇಲೆ ಎಂತ ಬರ್ದಿದ್ದಾರೆ ಮಾರಾಯ್ರೆ? ಪ್ರಭು ಅಂತವಾ?"

"ಬಿಡು ಮಾರಾಯ್ತಿ, ಒಂದು ಚಾರ್ಟ್ ಅಲ್ವಾ. ಅವರಿಗೆ ಖುಷಿ ಆಯ್ತು."

"ಮಗುವಿಗೆ?"

ಪಪ್ಪ ಪೇಪರ್ ಬಿಡಿಸಿ ಮುಖಕ್ಕೆ ಹಿಡಿದರು.

ಆ ಟರ್ಮ್ ಪೂರ್ತಿ ನಾನು ಪ್ರಭು. ಬೀದಿಯ ಆಟದಲ್ಲೂ ಹಾಗೇ ಕರೆದರು. ನನ್ನ ಸರದಿ ಬಂದಾಗ ನಾನು ಕೂಗುವುದನ್ನೇ ಬಿಟ್ಟೆ.

ದೊಡ್ಡವಳಾದ ಮೇಲೆ ಓದಿ ತಿಳಿದದ್ದು: ಫೆರ್ನಾಂಡಿಸ್ ಕೂಡ ಹುಟ್ಟಿದ್ದು ಪೋರ್ಚುಗಲ್ಲಿನತ್ತಲೂ ದಂಡೆತ್ತಿ ಹೋದ ಜರ್ಮಾನಿಕ್ ಜನರ ಮಾತಿನಿಂದಲೇ. ಪಯಣ, ಎದೆಗಾರಿಕೆ ಎಂದು ಅರ್ಥ ಹೇಳುತ್ತಾರೆ. ಓದಿ ಮೈ ಉರಿದುಹೋಯಿತು. ದಂಡೆತ್ತಿ ಬಂದವರ ಹೆಸರು ಲೂಕಾನ ಬಳಿ ಇದ್ದರೆ ಇತಿಹಾಸ, ನನ್ನ ಬಳಿ ಇದ್ದರೆ ಕದ್ದ ಮಾಲು! ಒಂದು ಪೆಟ್ಟಿಗೆ ಹೊತ್ತು ಕಡಲು ದಾಟಿದ ನನ್ನಜ್ಜನಿಗಿಲ್ಲದ ಹಕ್ಕು ಆ ಹೆಸರಿನ ಮೇಲೆ ಇನ್ಯಾರಿಗಿದೆ?

ಪಪ್ಪ ಈಗಿಲ್ಲ. ಅವರ ಸಮಾಧಿಗೆ ಫೆರ್ನಾಂಡಿಸ್ ಎಂದೇ ಕೆತ್ತಿಸಿದ್ದೇನೆ. ಹೈರಿಡ್ಜ್‌ನ ಮನೆ ಕೆಡವಿ ಫ್ಲ್ಯಾಟ್ ಕಟ್ಟಿದ್ದಾರೆ. ಪೆಟ್ಟಿಗೆ ನೈರೋಬಿಯದೇ ಇನ್ನೊಂದು ಬಡಾವಣೆ ಕಿಲೆಲೆಶ್ವಾದಲ್ಲಿ ನನ್ನ ಬಳಿಯೇ ಇದೆ, ಬಣ್ಣ ಇನ್ನೂ ಮಾಸಿಲ್ಲ. ಆದರೆ ನಾಯಿ ಬೊಗಳುವಷ್ಟು ಜೋರಾಗಿ ಕೂಗುತ್ತಿದ್ದವಳು ಮರಳಿ ಬರಲಿಲ್ಲ. ಇವತ್ತಿಗೂ ಯಾರಾದರೂ ಕೇಳಿದರೆ ಹೆಸರು ಹೇಳಿ, ಮುಂದಿನ ಪ್ರಶ್ನೆಗಾಗಿ ಒಂದು ಗಳಿಗೆ ಕಾಯುತ್ತೇನೆ. ಲೂಕಾ ಎಲ್ಲೇ ಇರಲಿ, ಅವನು ಕಾಯುವುದಿಲ್ಲ.