ನಾಡಿ ಹಿಡಿದು ಸುದ್ದಿ ಕೇಳುತ್ತಿದ್ದ ಕರುಣಮ್ಮ ಸಿಸ್ಟರ್

ಸುದ್ದಿ ಹೇಳಲು ಯಾರೇ ಬಂದರೂ ಕರುಣಮ್ಮ ಸಿಸ್ಟರ್ ಮೊದಲು ಅವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು. ನರ್ಸ್ ಕೆಲಸದಿಂದ ನಿವೃತ್ತರಾದರೂ ಆ ಚಾಳಿ ಹೋಗಿರಲಿಲ್ಲ. ಬೀದರಿನ ನಮ್ಮ ಓಣಿಯಲ್ಲಿ ಅತಿ ಹೆಚ್ಚು ಸಲ ಕೈ ಒಪ್ಪಿಸಿದವನು ನಾನೇ. ಅಂಜಿಸುವ ಸುದ್ದಿಯೆಂದರೆ ನನಗೆ ಪುರಾವೆ ಬೇಕಿಲ್ಲ, ಅಂಜಿಕೆಯೇ ಪುರಾವೆ.

ಒಂದು ಚುನಾವಣೆಯ ಹೊತ್ತಿಗೆ ಮೊಬೈಲ್ ಹಿಡಿದು ಓಡಿದೆ. ‘ಸಿಸ್ಟರ್, ಆ ಪಾರ್ಟಿ ಗೆದ್ದರ ನಮ್ಮ ಓಣಿ ಮನಿಯೆಲ್ಲಾ ಕೆಡವ್ತಾರಂತ್ರಿ!’

‘ಕೈ ಕೊಡು ತಮ್ಮಾ.’ ಗಡಿಯಾರ ನೋಡುತ್ತ ನಾಡಿ ಎಣಿಸಿದರು. ‘ಕುದುರಿ ಓಡ್ದಂಗ ಓಡ್ಲತ್ತದ. ಇದನ್ನ ಕಳಿಸ್ದಾಂವಗ ನಿನ್ನ ಮನಿ ಬ್ಯಾಡೋ, ಈ ನಾಡಿ ಬೇಕು. ಚಾ ಕುಡಿ. ಇದು ಇಳಿದ ಮ್ಯಾಲ ಮತ್ತೊಮ್ಮಿ ಓದು.’

ಚಹಾ ಮುಗಿಸಿ ಓದಿದರೆ ಅದರಲ್ಲಿ ಊರಿನ ಹೆಸರೇ ಇರಲಿಲ್ಲ. ‘ನಮ್ಮ ಓಣಿ’ ಎಂದು ಸೇರಿಸಿಕೊಂಡವನು ನಾನು.

ಅಂಥವರು ಕಳೆದ ಚುನಾವಣೆಯಲ್ಲಿ ಒಂದು ಬೆಳಿಗ್ಗೆ ಟ್ರಂಕು ತೆರೆದು ಬಿಳಿ ಸೀರೆಗೆ ಇಸ್ತ್ರಿ ಮಾಡುತ್ತಿದ್ದರು. ಔರಾದ ಕಡೆ ಅವರು ಕೆಲಸ ಕಲಿತ, ಈಗ ಬೀಗ ಬಿದ್ದಿರುವ ಆಸ್ಪತ್ರೆ ಮತ್ತೆ ತೆರೆಯುತ್ತದೆ, ಹಳೇ ಸಿಸ್ಟರುಗಳೆಲ್ಲ ಬರಬೇಕು ಎಂದು ಅಭ್ಯರ್ಥಿಯೊಬ್ಬ ವಿಡಿಯೊದಲ್ಲಿ ಹೇಳಿದ್ದ. ‘ಭಾಲ್ಕಿ ಗೆಳತಿಗೂ ಫೋನ್ ಮಾಡೀನಿ. ನಾಳಿ ಮುಂಜಾನಿ ಬಸ್ಸಿಗಿ ಹೋಗ್ತೇವಿ.’ ಮುಖದಲ್ಲಿ ಹುಡುಗಿಯ ಹುರುಪು.

ಅದೇ ವಿಡಿಯೊ ಅದಕ್ಕೂ ಹಿಂದಿನ ಚುನಾವಣೆಯಲ್ಲಿ ಬಂದು, ಬೀಗ ಮಾತ್ರ ತೆರೆಯದೇ ಉಳಿದದ್ದು ನನಗೆ ನೆನಪಿತ್ತು. ಹೇಳದಿದ್ದರೆ ಆ ವಯಸ್ಸಾದ ಜೀವ ಬೀಗದ ಮುಂದೆ ಬಿಸಿಲಲ್ಲಿ ನಿಲ್ಲಬೇಕು; ಹೇಳಿದರೆ ಆ ಹುರುಪು ಇಲ್ಲೇ ಆರುತ್ತದೆ. ಚಿಂತೆಯಲ್ಲಿ ಪಳಗಿದವನಾದರೂ ಸಂಜೆಯವರೆಗೆ ಒದ್ದಾಡಿ, ಕೊನೆಗೆ ಹೇಳಿಬಿಟ್ಟೆ.

ಸಿಸ್ಟರ್ ಸೀರೆಯ ಮಡಿಕೆ ನೇವರಿಸಿದರು. ‘ನನಗೂ ಸಂಶಯ ಇತ್ತೋ ತಮ್ಮಾ. ಅಂಜಿಸಿದ್ರ ತಡ್ಕೋತಿದ್ದೆ. ಇಂವ ಕರ್ದಾನ.’

ಔರಾದಿಗೆ ಹೋಗಲಿಲ್ಲ. ಮತದಾನದ ದಿನ ನಾನೇ ಸ್ಕೂಟರಿನಲ್ಲಿ ಕರೆದೊಯ್ದೆ. ಮರಳುವಾಗ ಕೆಣಕಿದೆ: ‘ಓಟು ಯಾರಿಗಿ ಹಾಕಿದ್ರಿ?’

‘ಅವನಿಗೇ.’

‘ಸುಳ್ಳಂತ ಗೊತ್ತಿದ್ದೂ?’

‘ಸುಳ್ಳೇ ಇರ್ಲಿ. ಇಷ್ಟು ವರ್ಷದಾಗ ನಮ್ಮ ದವಾಖಾನಿ ಹೆಸರು ತಗೊಂಡಾಂವ ಅವನೊಬ್ಬನೇ.’

ಮರುದಿನ ಗೆಳತಿಯನ್ನು ನೋಡಲು ಭಾಲ್ಕಿಗೆ ಹೋದ ಸಿಸ್ಟರ್ ಅಲ್ಲಿಯೇ, ನಿದ್ದೆಯಲ್ಲಿ ತೀರಿಕೊಂಡರು. ಎಣಿಕೆಯ ದಿನ ಆ ಅಭ್ಯರ್ಥಿ ಸೋತ ಸುದ್ದಿ ಬಂತು. ಅವನ ಒಂದು ಮಾತನ್ನೂ ನಂಬದ ನನಗೆ ಯಾಕೋ ಊಟ ಸೇರಲಿಲ್ಲ.