ಓಣಿಗೊಂದೇ ಪಡಸಾಲೆ

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನಿಶ್ಚಿಂತೆಯಿಂದ ಬೇರೆಯವರ ತಪ್ಪು ಹುಡುಕಬಹುದು. ಕಳೆದ ಶ್ರಾವಣದಲ್ಲಿ ನಮ್ಮ ಓಣಿಯ ಸಮುದಾಯ ಭವನ ಒಂದೇ ದಿನ ಇಬ್ಬರ ಪಾಲಾಯಿತಲ್ಲ, ಅದಕ್ಕೆ ಕಾರಣ ನಾನು. ಭವನ ಕೊಡುವ ಅಧಿಕಾರ ನನಗಿರಲಿಲ್ಲ. ನನಗಿದ್ದದ್ದು ಗಂಟಲು ಮಾತ್ರ, ಅದೂ ಆ ದಿನ ಬೇರೆಯವರದು.

ರಬಕವಿಯ ನಮ್ಮ ಓಣಿಯಲ್ಲಿ ನನ್ನನ್ನು ಹೆತ್ತವರಿಟ್ಟ ಹೆಸರಿನಿಂದ ಕರೆಯುವವರು ಕಡಿಮೆ. ‘ನಕಲಿ’ ಎಂದರೆ ನಾನೇ ತಿರುಗಿ ನೋಡುತ್ತೇನೆ. ಯಾರ ಮಾತನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅವರು ಬಾಯಿ ತೆರೆಯುವ ಮೊದಲೇ ನಾನು ಆಡಿ ತೋರಿಸುತ್ತೇನೆ. ಭವನ ಉದ್ಘಾಟಿಸಲು ಬಂದು, ಕತ್ತರಿ ಸಿಗದೆ ರಿಬ್ಬನ್ನನ್ನು ಹಲ್ಲಿನಿಂದ ಕಡಿಯಲು ನೋಡಿದ ಮುಖಂಡರನ್ನು ಬಿಟ್ಟಿಲ್ಲ. ಪಾಠ ಹೇಳುತ್ತ ಹೇಳುತ್ತ ತಾನೇ ತೂಕಡಿಸುವ ಟ್ಯೂಷನ್ ಅಕ್ಕನನ್ನು ಬಿಟ್ಟಿಲ್ಲ. ನನ್ನನ್ನೂ ಬಿಟ್ಟಿಲ್ಲ: ಹೆಣ್ಣು ನೋಡಲು ಹೋದಾಗ ನಾನು ಚಹಾ ಕುಡಿದ ರೀತಿಯನ್ನು ಮನೆಗೆ ಬಂದು ನಮ್ಮವ್ವನಿಗೆ ಮಾಡಿ ತೋರಿಸಿದೆ. ನೋಡಿ ನಕ್ಕು, ಆ ಮನೆಯವರು ಬೇಡ ಅಂದದ್ದರಲ್ಲಿ ತಪ್ಪೇನಿಲ್ಲ ಎಂದಳು.

ಆದರೆ ನನ್ನ ಬತ್ತಳಿಕೆಯ ಅತ್ಯುತ್ತಮ ಬಾಣ ಗಿರಿಮಲ್ಲಪ್ಪ ಕಾಕಾ. ಕೈಮಗ್ಗ ಬಿಟ್ಟ ಮೇಲೆ ಭವನದ ಕೀಲಿ ಇಟ್ಟುಕೊಂಡಿರುವ ಹಿರಿಯ. ಯಾರು ಭವನ ಕೇಳಿದರೂ ಅವರ ನಡಾವಳಿ ಒಂದೇ. ಮೊದಲು ಎರಡು ತುಂಡಿನ ಕೆಮ್ಮು, ನಡುವೆ ಸ್ವಲ್ಪ ವಿರಾಮ. ಆಮೇಲೆ ಧೋತರದ ಚುಂಗಿನಿಂದ ಕನ್ನಡಕ ಒರೆಸುವುದು. ಕೊನೆಗೆ, ರಾಜ್ಯ ದಾನ ಮಾಡುವ ಧಾಟಿಯಲ್ಲಿ, “ಆತ ಬಿಡು, ತಗೋ.” ಇಷ್ಟನ್ನೂ ನಾನು ಕನ್ನಡಕವಿಲ್ಲದೆಯೇ ಮಾಡಬಲ್ಲೆ. ದಿನಾ ಬೆಳಿಗ್ಗೆ ಅವರು ಮಾಡುವ ಇನ್ನೊಂದು ಕೆಲಸವಿದೆ, ಭವನದ ಕಸ ಗುಡಿಸುವುದು. ಅದನ್ನು ಮಾತ್ರ ನಾನು ಎಂದೂ ನಕಲು ಮಾಡಿರಲಿಲ್ಲ. ಕಸ ಗುಡಿಸುವುದಕ್ಕೆ ಯಾರೂ ನಗುವುದಿಲ್ಲ ನೋಡಿ.

ಈಗ ನೀವು ಕೇಳಬಹುದು, ಒಂದು ಭವನಕ್ಕೆ ಇಷ್ಟೆಲ್ಲ ಪೀಠಿಕೆ ಯಾಕೆ ಎಂದು. ನೀವು ನೇಕಾರರ ಮನೆ ನೋಡಿಲ್ಲವೆಂದು ತೋರುತ್ತದೆ. ಬೇರೆ ಊರುಗಳಲ್ಲಿ ಮನೆ ಕಟ್ಟಿಸಿ ಒಳಗೆ ಸಾಮಾನು ಇಡುತ್ತಾರೆ. ನಮ್ಮಲ್ಲಿ ಮಗ್ಗ ಇಟ್ಟು ಸುತ್ತ ಗೋಡೆ ಎಬ್ಬಿಸುತ್ತಾರೆ. ಪಡಸಾಲೆ ಇರಬೇಕಾದಲ್ಲಿ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ, ಹಿತ್ತಲಿರಬೇಕಾದಲ್ಲಿ ಪವರ್‌ಲೂಮ್ ಶೆಡ್ಡು. ಉಳಿದ ಸಂದಿಯಲ್ಲಿ ಮನುಷ್ಯರು ಹೊಂದಿಕೊಂಡು ಹುಟ್ಟಿ, ಬೆಳೆದು, ಮದುವೆಯಾಗುತ್ತಾರೆ. ಬೀಗರು ಬಂದರೆ ಒಬ್ಬರು ಕಟ್ಟಿಗೆಯ ಪೆಟ್ಟಿಗೆಯ ಮೇಲೆ, ಇಬ್ಬರು ಒಳಗಿನ ಹೊಸ್ತಿಲ ಮೇಲೆ, ಉಳಿದವರು ಓಣಿಯಲ್ಲಿ. ಮೇಲಾಗಿ ಲೂಮಿನ ಸದ್ದು. ಆ ಸದ್ದಿನಲ್ಲಿ ಗಂಡ ಹೆಂಡತಿ ಜಗಳವಾಡಿದರೆ ಅರ್ಧ ಮಾತು ಕೇಳಿಸುವುದಿಲ್ಲ. ಪೂರ್ತಿ ಜಗಳ ಆಡಬೇಕೆಂದರೆ ಭವನದ ಕಟ್ಟೆಗೇ ಬರಬೇಕು. ಬರುತ್ತಾರೆ ಕೂಡ.

ಹೀಗಾಗಿ ಓಣಿಯ ಅಷ್ಟೂ ಮನೆಗಳಿಗೆ ಭವನ ಒಂದೇ ಪಡಸಾಲೆ. ಬೆಳಿಗ್ಗೆ ಅಲ್ಲಿ ಮುದುಕರು ಒಂದೇ ಪೇಪರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಾರೆ. ಕ್ರೀಡಾಪುಟ ಸಿಕ್ಕವನು ಆ ದಿನ ರಾಜಕೀಯ ಮಾತಾಡುವಂತಿಲ್ಲ. ಮಧ್ಯಾಹ್ನ ಮಹಿಳಾ ಸಂಘದವರ ಸಭೆ. ಕೂಸುಗಳಿಗೆ ಲಸಿಕೆ ಹಾಕುವ ದಿನ ಆಶಾ ಅಕ್ಕ ಬರುತ್ತಾಳೆ. ಅಂದು ಮುದುಕರು ತಮಗೂ ಚುಚ್ಚಿಯಾಳೆಂಬಂತೆ ಬೇಗ ಎದ್ದು ಹೋಗುತ್ತಾರೆ. ಸಂಜೆ ಹುಡುಗರ ಅಭ್ಯಾಸ. ಮನೆಯಲ್ಲಿ ಯಾರಾದರೂ ಸತ್ತರೆ ಹೊರಗಿನಿಂದ ಬಂದ ನೆಂಟರು ಮಲಗುವುದೂ ಇಲ್ಲಿಯೇ. ಪಂಡಿತರನ್ನು ಕೇಳಿದರೆ ಗುಡಿಯ ಸಭಾಮಂಟಪ, ಮಠದ ಅಂಗಳ, ಊರ ಚಾವಡಿ ಇವುಗಳ ವಂಶಾವಳಿ ಬಿಡಿಸಿ ಭವನವನ್ನು ಯಾವುದೋ ರಾಜಮನೆತನದ ಮೊಮ್ಮಗನನ್ನಾಗಿ ಮಾಡಿಯಾರು. ನನ್ನ ಸಂಶೋಧನೆ ಅಷ್ಟು ದೂರ ಹೋಗುವುದಿಲ್ಲ. ಅದು ಫ್ಯಾನಿನವರೆಗೆ ಹೋಗುತ್ತದೆ. ನಮ್ಮ ಭವನದ ಫ್ಯಾನಿನ ಒಂದೊಂದು ರೆಕ್ಕೆಯ ಮೇಲೂ ಕೊಟ್ಟವರ ಹೆಸರು ಬರೆಸಿದೆ. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ, ಹೆಸರು ಕಾಣಬೇಕೆಂದರೆ ಗಾಳಿ ಇಲ್ಲ. ಕೊಟ್ಟವರು ಯಾವುದೇ ಕಾರ್ಯಕ್ಕೆ ಬಂದರೂ ಮೊದಲು ಸ್ವಿಚ್ ಆರಿಸುತ್ತಾರೆ.

ಇನ್ನೊಂದು ವಿಶೇಷವೆಂದರೆ ಬಾಗಿಲು. ಮುಂಬಾಗಿಲಿಗೆ ಸರಿಯಾಗಿ ಎದುರು, ಒಂದೇ ನೇರಕ್ಕೆ ಹಿಂಬಾಗಿಲು. ಕಟ್ಟುವಾಗ ಇಂಜಿನಿಯರ್ ಸಾಹೇಬರು ಇದೇಕೆ ಹೀಗೆ, ಹಿಂದಿನ ಗೋಡೆಗೆ ವೇದಿಕೆ ಬೇಡವೇ ಎಂದು ಗದರಿದ್ದರಂತೆ. ಹಿರಿಯರು ವೇದಿಕೆ ಬಿಟ್ಟರು, ಬಾಗಿಲು ಬಿಡಲಿಲ್ಲ. ಯಾಕೆಂದರೆ ಕೈಮಗ್ಗದ ಸೀರೆಗೆ ಉದ್ದನೆಯ ಎಳೆಗಳ ಹಾಸನ್ನು ಮೊದಲು ಓಣಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸಬೇಕು. ಮಳೆ ಬಂದರೆ ಓಣಿಯಲ್ಲಿ ಆಗುವುದಿಲ್ಲ. ಅಂಥ ದಿನ ಹಾಸು ಭವನದ ಮುಂಬಾಗಿಲಿನಿಂದ ಹಿಂದಿನ ಕಟ್ಟೆಯವರೆಗೆ ಸೊಂಟದೆತ್ತರದಲ್ಲಿ ಚಾಚಿಕೊಳ್ಳುತ್ತದೆ. ಮಳೆಯ ದಿನ ಮೊದಲ ಹಕ್ಕು ಹಾಸಿನದು. ಅದಕ್ಕೆ ಕೇಳುವುದೂ ಬೇಕಿಲ್ಲ. ಒಮ್ಮೆ ಗಂಜಿ ಹಚ್ಚಿದರೆ ಒಣಗುವ ತನಕ ಎತ್ತುವಂತಿಲ್ಲ. ಎತ್ತಿದರೆ ಎಳೆ ಎಳೆ ಅಂಟಿಕೊಂಡು ಸೀರೆಯ ಬದಲು ಬಾವಿಯ ಹಗ್ಗವಾದೀತು. ಇನ್ನೊಂದು ಪದ್ಧತಿ: ಹಾಸಿನ ಪಕ್ಕ ನಿಂತವರು, ಯಾರೇ ಇರಲಿ, ಹರಿದ ಎಳೆ ಕಂಡರೆ ಕೂಡಿಸಿಯೇ ಮುಂದೆ ಹೋಗಬೇಕು. ಸುಮ್ಮನೆ ನೋಡುತ್ತ ನಿಂತವನನ್ನು ನಮ್ಮಲ್ಲಿ ಮನುಷ್ಯರ ಪಟ್ಟಿಗೆ ಸೇರಿಸುವುದಿಲ್ಲ.

ಇಷ್ಟು ತಿಳಿದೂ ನಾನು ಮಾಡಿದ್ದು ಕೇಳಿ.

ಕಾಕಾ ತಮ್ಮ ಮೊಬೈಲನ್ನು ಭವನದಲ್ಲಿ ಚಾರ್ಜಿಗೆ ಹಾಕಿ ಹಿಂದೆ ಕೊಡ ತೊಳೆಯಲು ಹೋಗಿದ್ದರು. ಫೋನು ಬಂತು. ನಮ್ಮ ಪಕ್ಕದ ಮನೆಯ ಕಮಲವ್ವ ಅತ್ತಿ, ಮುಧೋಳದ ಬಸ್‌ಸ್ಟ್ಯಾಂಡಿನಿಂದ. ನಾನು ಎರಡು ತುಂಡಿನ ಕೆಮ್ಮು ಕೆಮ್ಮಿದೆ. ಅತ್ತಿ ಒಂದೇ ಉಸುರಿನಲ್ಲಿ ಹೇಳಿದಳು: ಮಗಳು ಮಹಾದೇವಿಯ ನಿಶ್ಚಯ ಬರುವ ಬುಧವಾರ, ಗಂಡಿನ ಕಡೆಯ ಚಿಮ್ಮಡದವರು ಬರುತ್ತಾರೆ, ಭವನ ಬೇಕಾಗಿತ್ತು. ನಾನು ಇಲ್ಲದ ಕನ್ನಡಕ ಒರೆಸಿ, “ಆತ ಬಿಡ ತಂಗಿ, ತಗೋ,” ಎಂದೆ. ಈಗ ನಗಬೇಕು, ಅತ್ತಿ ಬೈಯಬೇಕು, ಇದು ನಾಟಕದ ಕ್ರಮ. ನಾನು ನಗುವಷ್ಟರಲ್ಲಿ ಅತ್ತಿ ಅಳುವ ಧ್ವನಿಯಲ್ಲಿ, “ಕಾಕಾ, ನನ್ನ ಮಾನಾ ಉಳಿಸಿದ್ರಿ ನೋಡ್ರಿ,” ಎಂದು ಫೋನಿಟ್ಟುಬಿಟ್ಟಳು.

ಮಾನದ ವಿಷಯ ನನಗೆ ಗೊತ್ತಿತ್ತು, ಓಣಿಗೆಲ್ಲ ಗೊತ್ತಿತ್ತು. ಮಹಾದೇವಿಯನ್ನು ನೋಡಲು ಬಂದ ದಿನ ಹುಡುಗನ ತಾಯಿ ಶಾಂತವ್ವ, ಹೊಲಮನೆಯ ಗಟ್ಟಿ ಹೆಂಗಸು, ಪೆಟ್ಟಿಗೆಯ ಮೇಲೆ ಕುಳಿತು ಸುತ್ತ ನೋಡಿ, “ಮನಿ ತುಂಬ ಮಗ್ಗಾನ ಐತಿ. ನಾಳೆ ನಾವು ಬೀಗರು ಬಂದ್ರ ಎಲ್ಲಿ ಕುಂದ್ರಸ್ತೀರಿ?” ಎಂದು ಕೇಳಿದ್ದಳು. ಹುಡುಗನಿಗೆ ಹುಡುಗಿ ಮನಸ್ಸಿಗೆ ಬಂದಿದ್ದಳು. ಮಹಾದೇವಿಗೂ ಅವನು ಹಿಡಿಸಿದ್ದ. ತಾಯಿಯ ಮನಸ್ಸು ಮಾತ್ರ ಆ ಪೆಟ್ಟಿಗೆಯ ಮೇಲೆಯೇ ಕುಳಿತಿತ್ತು. ನಿಶ್ಚಯಕ್ಕೆ ಬರುತ್ತೇವೆ ಅಂದಿದ್ದಳು, ನಿಶ್ಚಯ ಮಾಡುತ್ತೇವೆ ಅಂದಿರಲಿಲ್ಲ. ಇವೆರಡರ ಅಂತರ ಹೆಣ್ಣು ಹೆತ್ತವರಿಗೆ ಚೆನ್ನಾಗಿ ಗೊತ್ತು.

ಕಾಕಾನಿಗೆ ಹೇಳಬೇಕಿತ್ತು. ಆದರೆ ಕಾಕಾನ ಧ್ವನಿಯಲ್ಲಿ ಕೊಟ್ಟ ಮಾತನ್ನು ಕಾಕಾನಿಗೇ ನನ್ನ ಧ್ವನಿಯಲ್ಲಿ ಹೇಗೆ ತಿಳಿಸುವುದು? ಅಷ್ಟರಲ್ಲಿ ಅವರು ಕೀಲಿಯನ್ನು ನನ್ನ ಕೈಗೇ ಕೊಟ್ಟು ಜಮಖಂಡಿಯ ಮಗಳ ಮನೆಗೆ ಹೊರಟರು. ಬುಧವಾರ ಬೇರೆ ಯಾರೂ ಭವನ ಕೇಳಿರಲಿಲ್ಲ. ದೇವರೇ ನನ್ನ ಕಡೆ ಇದ್ದಾನೆ ಅಂದುಕೊಂಡೆ. ಮಂಗಳವಾರ ಸಂಜೆ ಕಾಕಾ ತಿರುಗಿ ಬಂದು ಕೀಲಿ ಇಸಿದುಕೊಂಡರು. ಬಾಯಿ ತೆರೆದೆ. ಕಸ ಗುಡಿಸಿದ್ದೀಯೇನು ಎಂದು ಕೇಳಿದರು. ಬಾಯಿ ಮುಚ್ಚಿದೆ. ಬುಧವಾರ ನಸುಕಿಗೆ ಜಿಟಿಜಿಟಿ ಮಳೆ ಹಿಡಿಯಿತು.

ಹೂವಿನ ಪುಟ್ಟಿ ಹೊತ್ತುಕೊಂಡು ನಾನು ಭವನಕ್ಕೆ ಬಂದಾಗ ಮುಂಬಾಗಿಲಿನಿಂದ ಹಿಂಬಾಗಿಲಿನವರೆಗೆ ಹಸಿರು ಹಾಸು ಬಿಗಿದು ನಿಂತಿತ್ತು. ನೇಕಾರ ಈರಪ್ಪಣ್ಣ ಗಂಜಿ ಹಚ್ಚಿ ಮುಗಿಸಿ ಕುಂಚ ತೊಳೆಯುತ್ತಿದ್ದ. ಒಣಗಲೆಂದು ಫ್ಯಾನುಗಳೆಲ್ಲ ಜೋರಾಗಿ ತಿರುಗುತ್ತಿದ್ದವು, ಒಬ್ಬ ದಾನಿಯ ಹೆಸರೂ ಕಾಣುತ್ತಿರಲಿಲ್ಲ. ನನ್ನ ಹಿಂದೆಯೇ ಶಿರಾ, ಉಪ್ಪಿಟ್ಟಿನ ಪಾತ್ರೆಗಳೊಂದಿಗೆ ಕಮಲವ್ವ ಅತ್ತಿ. ಆಕೆ ಹಾಸು ನೋಡಿದಳು, ಕಾಕಾನನ್ನು ನೋಡಿದಳು.

“ಕಾಕಾ, ಬುಧವಾರ ತಗೋ ಅಂತ ನೀವಽ ಫೋನಿನ್ಯಾಗ ಹೇಳಿದ್ರಲ್ರಿ.”

ಕಾಕಾ ಕೆಮ್ಮಲಿಲ್ಲ. ಕನ್ನಡಕ ಒರೆಸಲಿಲ್ಲ. ಮೆಲ್ಲಗೆ ನನ್ನ ಕಡೆ ತಿರುಗಿದರು. ನಾನು ಹೂವಿನ ಪುಟ್ಟಿಯಲ್ಲಿ ಏನೋ ಹುಡುಕುವವನಂತೆ ತಲೆ ಹಾಕಿದೆ. ಓಣಿಯ ತುದಿಯಲ್ಲಿ ಚಿಮ್ಮಡದವರ ಟೆಂಪೋದ ಹಾರ್ನ್ ಕೇಳಿಸಿತು.

“ಹೌದು, ನಾನಽ ಹೇಳೇನಿ,” ಎಂದರು ಕಾಕಾ. “ಹಾಸಿನ ಆಚೆ ಅವರು, ಈಚೆ ನೀವು. ಜಮಖಾನಿ ಹಾಸು.”

ನನ್ನ ನಕಲನ್ನು ಎಷ್ಟೋ ಜನ ಮೆಚ್ಚಿದ್ದಾರೆ. ಆದರೆ ನಾನು ಆಡಿದ ಮಾತನ್ನು ತಮ್ಮದೇ ಎಂದು ಹೊತ್ತುಕೊಂಡವರು ಅವರೊಬ್ಬರೇ. ನಾನು ಹೂವಿನ ಪುಟ್ಟಿ ಕೆಳಗಿಟ್ಟು ಜಮಖಾನಿ ತರಲು ಓಡಿದೆ.

ಶಾಂತವ್ವ ಬಾಗಿಲಲ್ಲಿ ನಿಂತಳು. “ಇಲ್ಲಿಗೂ ಮಗ್ಗ ಬಂತಲ್ಲ?” ಎಂದಳು. ಕಮಲವ್ವ ಅತ್ತಿ ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಕಾಕಾ ಮಾತ್ರ ಪಡಸಾಲೆಯ ಯಜಮಾನನಂತೆ, ಮಳೆಯ ದಿನ ಹಾಸು ಬಂದರೆ ನಮ್ಮಲ್ಲಿ ಎಬ್ಬಿಸುವುದಿಲ್ಲ, ನಿಮ್ಮನ್ನೂ ಎಬ್ಬಿಸುವುದಿಲ್ಲ ಎಂದು ಹೇಳಿ ಕೂರಿಸಿದರು. ಚಿಮ್ಮಡದವರು ಫ್ಯಾನಿನ ಗಾಳಿಗೆ ಸೆರಗು, ಟವೆಲ್ಲು ಹೊದ್ದು ಆಚೆ ಸಾಲಾಗಿ ಕುಳಿತರು. ಈಚೆ ನಾವು. ನಡುವೆ ಹಸಿರು ಹಾಸು, ಎರಡು ರಾಜ್ಯಗಳ ಗಡಿಯಂತೆ. ಎರಡೂ ಕಡೆಯವರ ಕಣ್ಣು ತಿರುಗುವ ಫ್ಯಾನಿನ ಮೇಲೆ. ಅಂಥ ಬಿಗುವು ಹಿಂದೆ ಒಮ್ಮೆ ಮಾತ್ರ ಕಂಡಿದ್ದೆ, ನಾನು ಚಹಾ ಕುಡಿದ ಮನೆಯಲ್ಲಿ.

ಮಹಾದೇವಿಯನ್ನು ತಂದು ತಲೆ ತಗ್ಗಿಸಿ ಕೂರಿಸಿದರು. ತಗ್ಗಿಸಿದ ಕಣ್ಣ ಮುಂದೆ, ಹಾಸಿನ ಅಂಚಿನಿಂದ, ಹರಿದ ಎಳೆಯೊಂದು ಜೋತುಬಿದ್ದಿತ್ತು. ಅವಳ ಕೈ ಅತ್ತ ಹೋಯಿತು. ತಾಯಿ ಕಣ್ಣು ಬಿಟ್ಟಳು, ಕೈ ಹಿಂದೆ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಈ ಸಲ ತಾಯಿ ಕಣ್ಣು ಬಿಡುವ ಮೊದಲೇ ಎದ್ದು ನಿಂತು, ಎಳೆ ಹಿಡಿದು, ಬೆರಳಿನಲ್ಲಿ ಹೊಸೆದು ಕೂಡಿಸಿಬಿಟ್ಟಳು.

ಎದುರಿನಿಂದ ಶಾಂತವ್ವ ಕೇಳಿದಳು, “ಏನ ಮಾಡಾಕತ್ತಿ ಯವ್ವಾ?”

“ಎಳಿ ಹರದಿತ್ರಿ. ಹಂಗ ಬಿಟ್ರ ಉಟ್ಟಾಕಿಗೆ ಜೀವನಪೂರ್ತಿ ಗೆರಿ ಕಾಣಸ್ತೈತ್ರಿ.”

ಶಾಂತವ್ವ ಎದ್ದು ಬಂದು ಹಾಸನ್ನು ಮುಟ್ಟಿ, ಬೆರಳು ಮೂಸಿದಳು. ಕಬ್ಬು, ಜೋಳ ಬೆಳೆದ ಕೈಗೆ ವಾಸನೆ ತಪ್ಪುವುದಿಲ್ಲ. “ಜ್ವಾಳದ ಗಂಜಿ?” ಎಂದಳು. ಈರಪ್ಪಣ್ಣ ಹೌದೆಂದ. ಆಕೆ ಇನ್ನೊಮ್ಮೆ ಮೂಸಿ, ನಾವು ಬೆಳೆದ ಜೋಳ ಹೊಟ್ಟೆಗಷ್ಟೇ ಹೋಗುತ್ತದೆಂದು ತಿಳಿದಿದ್ದೆ, ಮೈಮೇಲೂ ಬರುತ್ತದೇನು ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ ತನ್ನ ಸೆರಗನ್ನೇ ಬೆಳಕಿಗೆ ಹಿಡಿದು, ಗೆರೆ ಇದೆಯೇ ಎಂದು ನೋಡಿದಳು. ಇರಲಿಲ್ಲ. ಯಾರೋ ಎಲ್ಲೋ ಕೂಡಿಸಿದ್ದರು.

“ನನಗೂ ತೋರಸ,” ಎಂದಳು.

ಗಡಿ ಅಲ್ಲಿಗೆ ಅಳಿಯಿತು. ಅತ್ತೆಯಾಗುವವಳು ಆಚೆ, ಸೊಸೆಯಾಗುವವಳು ಈಚೆ, ನಡುವೆ ಎಳೆ. ಶಾಂತವ್ವನ ದಪ್ಪ ಬೆರಳಿಗೆ ಎಳೆ ಸಿಗಲೊಲ್ಲದು, ಮಹಾದೇವಿ ಬಿಡಲೊಲ್ಲಳು. ಹುಡುಗ ತಾನೂ ನೋಡುತ್ತೇನೆಂದು ಎದ್ದು ಬಂದು, ಸರಿ ಇದ್ದ ಎಳೆಯನ್ನೇ ಹರಿದ. “ನೀವು ಕೈ ಹಿಂದ ಕಟ್ಟಿ ನಿಂದರ್ರಿ,” ಎಂದು ಮಹಾದೇವಿ ಅವನಿಗೆ ಮೊದಲ ಆಜ್ಞೆ ಹೊರಡಿಸಿದಳು. ಅವನು ನಿಂತ. ಚಿಮ್ಮಡದವರೇ ಮೊದಲು ನಕ್ಕದ್ದು. ಆಮೇಲೆ ಉಡಿ ತುಂಬುವ ಹೊತ್ತಿಗೆ ಹಾಸು ದಾಟುವಂತಿಲ್ಲವಲ್ಲ, ಶಾಂತವ್ವ ಅಕ್ಕಿ, ಕುಪ್ಪಸ, ಕೊಬ್ಬರಿ ಹಿಡಿದು ಮುಂಬಾಗಿಲಿನಿಂದ ಹೊರಬಿದ್ದು, ಮಳೆಯಲ್ಲಿ ಭವನಕ್ಕೆ ಸುತ್ತು ಹಾಕಿ, ತೊಯ್ದ ತಲೆಯಲ್ಲೇ ಹಿಂಬಾಗಿಲಿನಿಂದ ಹಾಸಿನ ಈಚೆ ಬಂದಳು. ಬಂದು ಉಡಿ ತುಂಬಿದಳು. ಟೆಂಪೋ ಹತ್ತುವಾಗ ಕಮಲವ್ವ ಅತ್ತಿ, ಇಕ್ಕಟ್ಟಾಯಿತು, ತಪ್ಪು ತಿಳಿಯಬೇಡಿರಿ ಎಂದು ಕೈ ಮುಗಿದಳು. ಬೀಗತಿ ಆ ಕೈಗಳನ್ನು ಹಿಡಿದು, ಇಷ್ಟು ದೊಡ್ಡ ಪಡಸಾಲೆ ಇಟ್ಟುಕೊಂಡು ಆ ದಿನ ತನ್ನನ್ನು ಪೆಟ್ಟಿಗೆಯ ಮೇಲೆ ಯಾಕೆ ಕೂರಿಸಿದಿರಿ ಎಂದು ಬೈದಳು.

ಹಾಸು ಒಣಗಿತು. ಈರಪ್ಪಣ್ಣ ಸುತ್ತಿಕೊಂಡು ಹೋದ. ಭವನದ ತುಂಬ ಅಕ್ಕಿಕಾಳು, ಹೂವಿನ ಎಸಳು, ಉಪ್ಪಿಟ್ಟಿನ ಉದುರು, ಗಂಜಿಯ ಹನಿ. ಕಾಕಾ ಮತ್ತು ನಾನು ಇಬ್ಬರೇ. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ನಿಜ ಹೇಳಬೇಕೆಂದರೆ, ಬೈದರೆ ಅದನ್ನು ಹೇಗೆ ನಕಲು ಮಾಡಬಹುದೆಂದು ಮನಸ್ಸಿನ ಒಂದು ಮೂಲೆ ಆಗಲೇ ಕಿವಿ ನಿಮಿರಿಸಿತ್ತು. ಕಾಕಾ ಎರಡು ತುಂಡಿನ ಕೆಮ್ಮು ಕೆಮ್ಮಿದರು. ಧೋತರದ ಚುಂಗಿನಿಂದ ಕನ್ನಡಕ ಒರೆಸಿದರು. ಬಾಗಿಲ ಹಿಂದಿನಿಂದ ತಮ್ಮ ಕಸಬರಿಗೆ ತೆಗೆದು ನನ್ನ ಕೈಗಿಟ್ಟರು.

“ನನ್ನ ಧ್ವನಿ ತಗೊಂಡೀಯಲ್ಲ, ಇದನ್ನೂ ತಗೋ.”